ನಿಂಬೆಹಣ್ಣಿನ ಗಾತ್ರ

ಕಾಗವಾಡ
30 ಅಕ್ಟೋಬರ್ 2012

ಚಿ. ಉಜ್ವಲಾಗೆ ಅಣ್ಣ ಈಶ್ವರನ ಆಶೀರ್ವಾದ.

ನಾವೆಲ್ಲ ಆರಾಮ ಎಂದು ಮೊದಲು ಬರೆಯಬೇಕು, ಬರೆದಿದ್ದೇನೆ. ಆದರೆ ನೀನು ಕಳಿಸಿದ ಬೀಜದ ಪಾಕೀಟು ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಪಾಕೀಟಿನ ಮೇಲೆ ಬರೆದದ್ದೆಲ್ಲ ಜಪಾನಿ. ತಿಳಿಯುವುದು ಚಿತ್ರ ಮಾತ್ರ: ಬಿಳಿ ಗಡ್ಡೆ, ಮೇಲೆ ಹಸಿರು ಸೊಪ್ಪು. ಬೀಜ ಥೇಟ್ ಸಾಸಿವೆಯ ಹಾಗಿದೆ. ನಮ್ಮ ಮನೆಯಾಕೆ, ನಿನ್ನ ವೈನಿ, ಎಲ್ಲಿ ಒಗ್ಗರಣೆಗೆ ಹಾಕಿಬಿಡುತ್ತಾಳೋ ಎಂದು ಹೆದರಿ ಪಾಕೀಟನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ.

ನೀನು ಫೋನಿನಲ್ಲಿ ಎಲ್ಲ ಹೇಳಿದೆ, ಖರೆ. ಆದರೆ ಫೋನ್ ಹಿಡಿದರೆ ನನಗೆ ‘ಹಾಂ, ಹಾಂ’ ಬಿಟ್ಟು ಬೇರೆ ಮಾತು ಬರುವುದಿಲ್ಲ. ಇಟ್ಟ ಮೇಲೆ ನೂರು ಮಾತು ನೆನಪಾಗುತ್ತವೆ. ನಿಮ್ಮ ಅಡುಗೆಮನೆಯಲ್ಲಂತೂ ಕೆಲಸದ ಹೊತ್ತಿನಲ್ಲಿ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರಂತೆ. ಅದಕ್ಕೆ ಬರೆಯುತ್ತಿದ್ದೇನೆ. ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟವನು ನಾನು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ನಮ್ಮ ಧೂಳಪ್ಪ ತರಕಾರಿ ಗಾಡಿ ತೆಗೆದುಕೊಂಡು ಮುಂಬಯಿಯ ವಾಶಿ ಪೇಟೆಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಪತ್ರ ಕೊಟ್ಟಿದ್ದೇನೆ.

ನನಗೆ ತಿಳಿದದ್ದನ್ನು ಬರೆಯುತ್ತೇನೆ, ಸರಿಯೋ ನೋಡು. ನಿಮ್ಮ ಹೋಟೆಲ್ಲಿನಲ್ಲಿ ಪದಾರ್ಥ ಜಪಾನಿನದು, ಮಾಡುವ ರೀತಿ ಫ್ರಾನ್ಸಿನದು, ತಿನ್ನುವವರು ಮುಂಬಯಿಯವರು. ಏನು ಬೇಕು ಎಂದು ಯಾರೂ ಕೇಳುವುದಿಲ್ಲ, ನೀವು ಇಟ್ಟದ್ದನ್ನು ಅವರು ಉಣ್ಣಬೇಕು. ಫ್ರಾನ್ಸಿನ ದೊಡ್ಡ ಶೆಫ್ ಸಾಹೇಬರು ಜನವರಿಯಲ್ಲಿ ತಮ್ಮ ದೇಶಕ್ಕೆ ಹೋಗುತ್ತಾರೆ. ಅವರ ಜಾಗಕ್ಕೆ ನಿನ್ನನ್ನು ತರಬೇಕೋ, ಹೊರದೇಶದಿಂದ ಇನ್ನೊಬ್ಬನನ್ನು ಕರೆಸಬೇಕೋ ಎಂದು ಮಾಲಕಿ ನೀಲಮ ಮೇಡಂ ಇನ್ನೂ ಗಟ್ಟಿ ಮಾಡಿಲ್ಲ. ಜನವರಿ ಮೊದಲ ವಾರ ನೀನು ಮಾಡಿದ ಊಟ ಉಂಡು ನೋಡಿ ಹೇಳುತ್ತಾರೆ. ಆ ಊಟದಲ್ಲಿ ಮುಖ್ಯ ತಟ್ಟೆ ಈ ಬಿಳಿ ಗಡ್ಡೆಯದು. ಗಡ್ಡೆ ನನ್ನ ಹೊಲದಿಂದ ಬರಬೇಕು.

ಅಲ್ಲ ತಂಗೀ, ನಾನು ದ್ರಾಕ್ಷಿಯವನು. ನನ್ನ ಕೈಯಲ್ಲಿ ನಿನ್ನ ನೌಕರಿ ಇಡುತ್ತೀಯಾ? ಬಾವಿಯ ಬದಿಯ ಮಡಿಯನ್ನು ಹದ ಮಾಡಿಸಿದ್ದೇನೆ. ಅವಕಾಳಿ ಮಳೆ ಬಂದರೆ? ಹುಳು ಬಿದ್ದರೆ? ಹಂದಿ ನುಗ್ಗಿದರೆ? ನಿನ್ನ ವೈನಿಯ ಮುಂದೆ ಹೇಳಿದರೆ, “ಬೀಜಾ ಇನ್ನೂ ಮಣ್ಣಾಗ ಬಿದ್ದಿಲ್ಲ, ಹಂದಿ ಎಲ್ಲಿಂದ ಬಂತ್ರಿ?” ಎಂದು ನಗುತ್ತಾಳೆ. ಅವಳಿಗೇನು.

ದೀಪಾವಳಿಗೆ ಬರುತ್ತೀಯೋ ಇಲ್ಲವೋ ತಿಳಿಸು. ಅಣ್ಣನಿಗೆ ಆರತಿ ಎತ್ತುವ ಭಾವುಬೀಜಕ್ಕಾದರೂ ಬಾ.

ನಿನ್ನ ಅಣ್ಣ
ಈಶ್ವರ


ಮುಂಬಯಿ
8 ನವೆಂಬರ್ 2012

ಅಣ್ಣಾ, ನಮಸ್ಕಾರ.

ಧೂಳಪ್ಪ ಕಾಕಾ ಪತ್ರವನ್ನು ಹೋಟೆಲ್ಲಿನ ಹಿಂಬಾಗಿಲಿಗೇ ತಂದು ಕೊಟ್ಟರು. ಒಳಗೆ ಇಣುಕಿ ನೋಡಿ, “ಇಷ್ಟ ದೊಡ್ಡ ತಾಟಿನ್ಯಾಗ ಇಷ್ಟ ಸಣ್ಣ ತುತ್ತಾ? ಉಳದದ್ದ ಯಾರ ತಿಂದ್ರಬೇ?” ಎಂದು ಕೇಳಿದರು. ನಮ್ಮ ಅಡುಗೆಯವರಿಗೆಲ್ಲ ಅದನ್ನು ಹಿಂದಿಯಲ್ಲಿ ಹೇಳಿದೆ. ಇನ್ನೂ ನಗುತ್ತಿದ್ದಾರೆ.

ನೀನು ಬರೆದದ್ದೆಲ್ಲ ಸರಿ. ಒಂದು ಮಾತ್ರ ತಿದ್ದುತ್ತೇನೆ. ನಿನ್ನ ಕೈಯಲ್ಲಿ ನಾನು ನೌಕರಿ ಇಟ್ಟಿಲ್ಲ, ಗಡ್ಡೆ ಇಟ್ಟಿದ್ದೇನೆ. ನೌಕರಿ ನನ್ನ ಕೈಯಲ್ಲೇ ಇದೆ.

ಇದಕ್ಕೆ ಕಾಬು ಎನ್ನುತ್ತಾರೆ. ಜಪಾನಿನಿಂದ ವಿಮಾನದಲ್ಲಿ ಇಲ್ಲಿಗೆ ಬರುವ ಹೊತ್ತಿಗೆ ಅದರ ಸೊಪ್ಪು ಬಾಡಿ, ಮೈ ಮೆತ್ತಗಾಗಿರುತ್ತದೆ. ನನಗೆ ನಿನ್ನೆ ಕಿತ್ತದ್ದು ಇಂದು ಬೇಕು. ಅಗಲ ಪಾತ್ರೆಯಲ್ಲಿ ಗಡ್ಡೆಗಳನ್ನು ಒಂದರ ಪಕ್ಕ ಒಂದು ಕೂಡಿಸಿ ಬೆಣ್ಣೆ, ಚಿಟಿಕೆ ಸಕ್ಕರೆ, ಅರ್ಧ ಮುಳುಗುವಷ್ಟು ನೀರು ಹಾಕುತ್ತೇನೆ. ಮೇಲೆ ಕಾಗದದ ಮುಚ್ಚಳ, ನಡುವೆ ಒಂದು ತೂತು. ಸಣ್ಣ ಉರಿಯಲ್ಲಿ ನೀರು ಆರುತ್ತ ಆರುತ್ತ ಗಡ್ಡೆಯ ರಸವೂ ಬೆಣ್ಣೆಯೂ ಕೂಡಿಕೊಂಡು ಅದರ ಮೈಗೆ ಹೊಳಪಾಗಿ ಅಂಟಿಕೊಳ್ಳುತ್ತವೆ. ಇದು ಫ್ರೆಂಚರ ಕೈಗುಣ. ಇದರ ಜೊತೆಗೆ ಜಪಾನಿಗರ ಮಿಸೊ. ಸೋಯಾಬೀನ್ ಮತ್ತು ಅಕ್ಕಿಯನ್ನು ಹುದುಗಿಸಿ ತಿಂಗಳುಗಟ್ಟಲೆ ಇಟ್ಟು ಮಾಡಿದ ಉಪ್ಪುಪ್ಪಾದ ಮುದ್ದೆ ಅದು. ನಿಪ್ಪಾಣಿ ಕಡೆಯವರು ಎಣ್ಣೆ ಗಿರಣಿಗೆ ಹಾಕುತ್ತಾರಲ್ಲ, ಅದೇ ಸೋಯಾಬೀನ್ ಕಾಳು.

ಇನ್ನು ನಿನ್ನ ಕೆಲಸ. ನಿಂಬೆಹಣ್ಣಿನ ಗಾತ್ರಕ್ಕೆ ಬಂದ ಕೂಡಲೇ ಕೀಳಬೇಕು. ಅದಕ್ಕಿಂತ ದೊಡ್ಡದು ನನಗೆ ಬೇಡ. ತೊಗಲು ತೆಳ್ಳಗಿರಬೇಕು, ಹಲ್ಲಿಗೆ ನಾರು ಸಿಗಬಾರದು.

ದೀಪಾವಳಿಗೆ ಬರಲಾಗುವುದಿಲ್ಲ. ಹಬ್ಬದ ದಿನವೇ ಇಲ್ಲಿ ಜನ ಹೆಚ್ಚು. ಭಾವುಬೀಜಕ್ಕೆ ಇಲ್ಲಿಂದಲೇ ಆರತಿ ಎತ್ತುತ್ತೇನೆ, ನೀನು ಅಲ್ಲಿ ಟೊಪ್ಪಿಗೆ ಹಾಕಿಕೊಂಡು ಕೂತಿರು. ವೈನಿಗೆ ಚಕ್ಕುಲಿ ಕಳಿಸಲು ಹೇಳು. ಧೂಳಪ್ಪ ಕಾಕಾ ದಾರಿಯಲ್ಲಿ ಬಿಚ್ಚದಂತೆ ಗಂಟು ಬಿಗಿಯಾಗಿ ಹಾಕಲಿ.

ನಿನ್ನ
ಉಜ್ವಲಾ


ಕಾಗವಾಡ
2 ಡಿಸೆಂಬರ್ 2012

ಚಿ. ಉಜ್ವಲಾಗೆ ಆಶೀರ್ವಾದ.

ಚಕ್ಕುಲಿ ಮುಟ್ಟಿದವೆಂದು ಧೂಳಪ್ಪ ಹೇಳಿದ. ಎಷ್ಟು ಮುಟ್ಟಿದವು ಎಂದು ಹೇಳಲಿಲ್ಲ.

ಸಸಿ ಚೆನ್ನಾಗಿ ಎದ್ದಿವೆ. ಹಂದಿ ಬಂದಿಲ್ಲ, ಮಳೆಯೂ ಬಂದಿಲ್ಲ. ಆದರೂ ನನ್ನ ಜೀವಕ್ಕೆ ಸಮಾಧಾನವಿಲ್ಲ. ಯಾಕೆಂದರೆ ಗಡ್ಡೆ ಬೆಳೆಯುತ್ತಲೇ ಇಲ್ಲ. ದಿನಾ ಮುಂಜಾನೆ ಮಣ್ಣು ಸರಿಸಿ ನೋಡುತ್ತೇನೆ. ನಿನ್ನೆ ಪಕ್ಕದ ಹೊಲದ ಬಾಪುಸಾಹೇಬ ಬದುವಿನ ಮೇಲೆ ನಿಂತು, “ಏನೋ ಈಶ್ವರಾ, ಗೋಟಿ ಬೆಳದೀಯಲ್ಲೋ! ಹುಡುಗೋರಿಗಿ ಆಡಾಕ ಕೊಡ್ತೀಯೇನ?” ಎಂದ. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ.

ನೀನು ನಿಂಬೆಹಣ್ಣು ಎಂದೆ, ಗೊತ್ತಿದೆ. ಆದರೆ ಊರಲ್ಲಿ ಹುಟ್ಟಿದವಳು ನೀನು, ನಿನಗೆ ನಾನು ಹೇಳಬೇಕೇ? ವ್ಯಾಪಾರಿ ದ್ರಾಕ್ಷಿ ಪಡದೊಳಗೆ ಕಾಲಿಟ್ಟರೆ ಮೊದಲು ಕಾಳಿನ ದಪ್ಪ ನೋಡುತ್ತಾನೆ, ಬಾಯಿಗೆ ಹಾಕಿಕೊಳ್ಳುವುದು ಆಮೇಲೆ. ಈಗ ಪಡದಲ್ಲಿ ಜಿಎ ಅದ್ದುವ ಕೆಲಸ ನಡೆದಿದೆ. ಹೆಣ್ಣಾಳುಗಳು ಮಗ್ಗಿನಲ್ಲಿ ಔಷಧದ ನೀರು ಹಿಡಿದು ಒಂದೊಂದೇ ಗೊಂಚಲನ್ನು ಅದ್ದಿ ಬಿಡುತ್ತಾರೆ, ಕಾಳು ಉಬ್ಬಿ ದೊಡ್ಡದಾಗುತ್ತದೆ. ಅದನ್ನು ನೋಡಿ ಈ ಕಡೆ ಗಡ್ಡೆಯ ಮಡಿ ನೋಡಿದರೆ ನನಗೆ ನಾಚಿಕೆಯಾಗುತ್ತದೆ. ಅಷ್ಟು ದೊಡ್ಡ ಹೋಟೆಲ್ಲಿನಲ್ಲಿ, ಅಷ್ಟು ದೊಡ್ಡ ತಾಟಿನಲ್ಲಿ, ನಿಮ್ಮ ಮೇಡಂ ಮುಂದೆ ನನ್ನ ಗಡ್ಡೆ ಗೋಟಿಯ ಹಾಗೆ ಕೂತರೆ ನಿನ್ನ ಮಾನ ಏನಾಗಬೇಕು?

ನೀನು ಚಿಂತೆ ಮಾಡಬೇಡ. ಚಿಂತೆ ಮಾಡಲು ನಾನಿದ್ದೇನೆ.

ನಿನ್ನ ಅಣ್ಣ
ಈಶ್ವರ


ಮುಂಬಯಿ
14 ಡಿಸೆಂಬರ್ 2012

ಅಣ್ಣಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಸಣ್ಣದಿರಲಿ. ಸಣ್ಣದೇ ಇರಲಿ. ಬಾಪುಸಾಹೇಬ ಕಾಕಾ ಗೋಟಿ ಎಂದರೆ ಎನ್ನಲಿ, ಅವರಿಗೆ ನಾನು ಬಡಿಸುತ್ತಿಲ್ಲ. ನೀರು ಬಿಟ್ಟು ಏನನ್ನೂ ಹಾಕಬೇಡ.

ನಿನ್ನ ಪತ್ರ ಓದಿ ಒಂದು ಸಂಶಯ ಬಂತು. ಅದನ್ನು ಬರೆಯುವುದಿಲ್ಲ. ನೀನು ಹಾಗೆ ಮಾಡಲಾರೆ.

ನಿನ್ನ
ಉಜ್ವಲಾ


ಕಾಗವಾಡ
3 ಜನವರಿ 2013

ಚಿ. ಉಜ್ವಲಾಗೆ ಅಣ್ಣನ ಅನೇಕ ಆಶೀರ್ವಾದ.

ಈ ಪತ್ರವನ್ನು ಬುಟ್ಟಿಯೊಳಗೆ, ಸೊಪ್ಪಿನ ಮೇಲೆಯೇ ಇಟ್ಟಿದ್ದೇನೆ. ಮೊದಲು ಗಡ್ಡೆ ನೋಡು, ಆಮೇಲೆ ಓದು.

ನೋಡಿದೆಯಾ? ನನ್ನ ಮುಷ್ಟಿಗಿಂತ ದಪ್ಪ! ನಿನಗೆ ಬಂದ ಸಂಶಯ ಸರಿಯೇ. ನಿನ್ನ ಪತ್ರ ಮುಟ್ಟುವ ಮೊದಲೇ ನಾನು ಕೆಲಸ ಮುಗಿಸಿಬಿಟ್ಟಿದ್ದೆ. ಗೊಂಚಲು ಅದ್ದಿ ಉಳಿದ ಜಿಎ ನೀರನ್ನು ಪಂಪಿಗೆ ತುಂಬಿ ಮಡಿಗೆಲ್ಲ ಹೊಡೆದೆ. ಎಂಟು ದಿನದಲ್ಲಿ ಸೊಪ್ಪು ಮೊಳಕಾಲುದ್ದ ಎದ್ದು ನಿಂತಿತು. ಕೆಲವು ಗಿಡ ನಡುವಿನಿಂದ ದಂಟು ಎತ್ತಿ ಹೂ ಬಿಡಲು ನೋಡಿದವು, ಚಿವುಟಿ ಹಾಕಿದೆ. ಇನ್ನಷ್ಟು ದಪ್ಪವಾಗಲಿ ಎಂದು ನೆಲದಲ್ಲೇ ಬಿಟ್ಟೆ. ಬಾಪುಸಾಹೇಬ ಬಂದು ಒಂದನ್ನು ಅಂಗೈಯಲ್ಲಿ ತೂಗಿ ನೋಡಿ, ಬೀಜ ಎಲ್ಲಿಯದು ಎಂದು ಕೇಳಿ ಹೋದ.

ನಿನ್ನ ವೈನಿ ಒಂದನ್ನು ಹೆಚ್ಚಿ ನೋಡೋಣ ಎಂದಳು. ನಾನು ಗದರಿಸಿದೆ. ಹೊಸ ಫಸಲಿನ ಮೊದಲ ಬುಟ್ಟಿಗೆ ನಾವು ಚಾಕು ಹಚ್ಚುವುದಿಲ್ಲ, ಹಲ್ಲೂ ಹಚ್ಚುವುದಿಲ್ಲ. ಅದು ಮನೆಮಗಳಿಗೆ ಹಾಗೆಯೇ ಮುಟ್ಟಬೇಕು. ಅವ್ವ ಇದ್ದಾಗ ಜೋಳದ ಎಳೆ ತೆನೆ ಸುಟ್ಟ ಸೀತನಿ ಕೂಡ ನಿನ್ನ ಕೈಗೆ ಕೊಟ್ಟ ಮೇಲೆಯೇ ನಮಗೆ ಸಿಗುತ್ತಿತ್ತು. ಆದ್ದರಿಂದ ಬುಟ್ಟಿ ಮುಟ್ಟದೆ ಕಳಿಸಿದ್ದೇನೆ.

ಇನ್ನು ನಿಮ್ಮ ಮೇಡಂ ಕಣ್ಣು ತುಂಬ ನೋಡಲಿ.

ನಿನ್ನ ಅಣ್ಣ
ಈಶ್ವರ


ಮುಂಬಯಿ
7 ಜನವರಿ 2013

ಅಣ್ಣಾ,

ಬುಟ್ಟಿ ಮುಟ್ಟಿತು. ಎಲ್ಲವೂ ಬೆಂಡು. ಹೆಚ್ಚಿದರೆ ಒಳಗೆ ಹತ್ತಿ ತುಂಬಿದ ಹಾಗಿತ್ತು. ಆದರೂ ಬೇಯಿಸಿ ನೋಡಿದೆ. ಬೆಣ್ಣೆ ಕುಡಿದವು, ಹೊಳಪು ಬರಲಿಲ್ಲ, ನಾರು ಬಿಡಲಿಲ್ಲ.

ದಾದರದ ಪೇಟೆಯಿಂದ ಮೂಲಂಗಿ ತರಿಸಿ ಆ ತಟ್ಟೆಯನ್ನು ಬಡಿಸಿದೆ. ಉಳಿದದ್ದೆಲ್ಲ ಚೆನ್ನಾಗಿದೆ ಎಂದರು ಮೇಡಂ. ಆ ತಟ್ಟೆಯನ್ನು ಅರ್ಧಕ್ಕೆ ಸರಿಸಿ, ‘ನೀನು ನನಗೆ ಹೇಳಿದ ತಟ್ಟೆ ಇದಲ್ಲ’ ಎಂದರು. ಹೊರದೇಶದ ಶೆಫ್ ಏಪ್ರಿಲ್‌ನಲ್ಲಿ ಬರುವ ಮಾತು ನಡೆದಿದೆ. ಮಾರ್ಚ್ ಎರಡನೆಯ ವಾರದೊಳಗೆ ಅದೇ ತಟ್ಟೆಯನ್ನು ಸರಿಯಾಗಿ ಅವರ ಮುಂದಿಟ್ಟರೆ ಮತ್ತೆ ವಿಚಾರ ಮಾಡುತ್ತಾರಂತೆ.

ನಿನಗೆ ಹೇಳಬೇಕಾದದ್ದು ಇಷ್ಟೇ. ವೈನಿಗೆ ನಮಸ್ಕಾರ.

ಉಜ್ವಲಾ


ಕಾಗವಾಡ
22 ಜನವರಿ 2013

ಉಜ್ವಲಾಗೆ ವೈನಿ ಕಸ್ತೂರೆವ್ವನಿಂದ ಪ್ರೀತಿಯ ಮಾತು.

ನನ್ನ ಅಕ್ಷರ ಕೋಳಿ ಕೆದರಿದ ಹಾಗಿವೆ, ನಗಬೇಡ. ನಿನ್ನ ಅಣ್ಣ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಮೊನ್ನೆ ನೀನು ಫೋನ್ ಮಾಡಿದಾಗ ಅವರು ಹೊಲಕ್ಕೆ ಹೋಗಿದ್ದಾರೆ ಎಂದೆನಲ್ಲ, ಸುಳ್ಳು. ಇಲ್ಲೇ ಕಟ್ಟೆಯ ಮೇಲೆ ಕೂತು ಕೈಸನ್ನೆ ಮಾಡುತ್ತಿದ್ದರು.

ನೀನು ಬೈದು ಬರೆಯಬೇಕಿತ್ತು. ‘ಹೇಳಬೇಕಾದದ್ದು ಇಷ್ಟೇ’ ಎಂದು ಬರೆದೆ ನೋಡು, ಆ ಒಂದು ಸಾಲನ್ನು ಓದಿ ಓದಿ ಕಾಗದದ ಮಡಿಕೆ ಹರಿದಿದೆ. ಬೈದರೆ ಅವರಿಗೆ ಊಟ ಸೇರುತ್ತದೆ. ಬೈಯದಿದ್ದರೆ ಇಲ್ಲದ್ದನ್ನೆಲ್ಲ ತಾವೇ ಸೇರಿಸಿಕೊಳ್ಳುತ್ತಾರೆ. ‘ಆಕಿ ಇನ್ನ ನನ್ನ ಅಣ್ಣಾ ಅನ್ನೂದಿಲ್ಲ’ ಎನ್ನುವವರೆಗೂ ಹೋಗಿದ್ದಾರೆ.

ಬೀಜ ಇನ್ನೂ ಅರ್ಧ ಪಾಕೀಟು ಇದೆ. ನಿನ್ನೆ ಅದನ್ನು ಅವರ ಮುಂದೆ ಇಟ್ಟೆ.

“ಬಿತ್ರಿ,” ಎಂದೆ.

“ಮತ್ತ ಕೆಟ್ಟರ?”

“ಬಿತ್ತದಿದ್ರ ಛಲೋ ಆಕ್ಕಾವೇನ್ರಿ?”

“ಆಕಿ ಗಡ್ಡಿಗಿ ಬ್ಯಾರೆ ಕಡೆ ನೋಡ್ಕೊಂಡಿರ್ತಾಳ ಬಿಡ. ನನ್ನ ಕೈಯಾಗಿಂದು ಯಾಕ ತಿಂದಾಳ?”

“ಕೇಳ್ರಿ ಮತ್ತ.”

“ನೀನ ಕೇಳ,” ಎಂದು ಎದ್ದು ಹೋದರು.

ಕೇಳುತ್ತಿದ್ದೇನೆ. ಈ ವಾರ ಬಿತ್ತದಿದ್ದರೆ ಬಿಸಿಲು ಏರಿ ಗಡ್ಡೆ ಖಾರವಾಗುತ್ತದೆ, ನಾರಾಗುತ್ತದೆ ಎಂದು ರಾತ್ರಿ ಹಗಲು ಗೊಣಗುವವರೂ ಅವರೇ. ಫೋನಿನಲ್ಲಿ ಹೇಳಿದರೆ ಹಾಂ ಹಾಂ ಅಂದು ಇಟ್ಟುಬಿಡುತ್ತಾರೆ. ಬರೆದದ್ದನ್ನು ಮಾತ್ರ ನಂಬುತ್ತಾರೆ. ಧೂಳಪ್ಪ ನಾಳೆ ನಿನ್ನ ಬಾಗಿಲಿಗೆ ಬರುತ್ತಾನೆ. ಅವನನ್ನು ಬರಿಗೈಯಲ್ಲಿ ಕಳಿಸಬೇಡ. ಸಿಟ್ಟು ಇದ್ದರೆ ಪೂರಾ ಬರೆ, ಉಳಿಸಿಕೊಳ್ಳಬೇಡ.

ನಿನ್ನ ವೈನಿ
ಕಸ್ತೂರೆವ್ವ


ಮುಂಬಯಿ
23 ಜನವರಿ 2013

ಅಣ್ಣಾ,

ಕೂತು ಓದು. ನಿಂತು ಓದಿ ಮುಗಿಸುವ ಪತ್ರ ಅಲ್ಲ ಇದು. ಧೂಳಪ್ಪ ಕಾಕಾ ಹೊರಗೆ ಚಹಾ ಕುಡಿಯುತ್ತಿದ್ದಾರೆ, ಮೂರನೆಯ ಕಪ್ಪು ಮುಗಿಯುವುದರೊಳಗೆ ನಿನಗೆ ಬೈದು ಮುಗಿಸಬೇಕು.

ಸಿಟ್ಟು ಬಂದಿತ್ತು. ಗಡ್ಡೆ ಕೆಟ್ಟದ್ದಕ್ಕಲ್ಲ. ಬೆಳೆ ಕೆಡುತ್ತವೆ, ನಾನೂ ದಿನಾ ಏನಾದರೊಂದು ಸೀಯಿಸುತ್ತೇನೆ. ನಿಂಬೆಹಣ್ಣು ಎಂದು ನಾನು ಬರೆದು ಕಳಿಸಿದ ಮೇಲೂ ನಿನಗೆ ನಿನ್ನ ಹೆದರಿಕೆಯೇ ದೊಡ್ಡದಾಯಿತಲ್ಲ, ಅದಕ್ಕೆ. ಸಣ್ಣದಿದ್ದರೆ ನನ್ನ ಮಾನ ಹೋಗುತ್ತದೆ ಎಂದೆ. ನಾನು ಹದಿಮೂರು ವರ್ಷದಿಂದ ಒಲೆಯ ಮುಂದೆ ನಿಂತಿದ್ದೇನೆ ಅಣ್ಣಾ. ಯಾವುದು ಸಣ್ಣದಿರಬೇಕು, ಯಾವುದು ದೊಡ್ಡದಿರಬೇಕು ಎಂದು ನನಗೆ ಗೊತ್ತು. ನನ್ನ ಅಡುಗೆಮನೆಯಲ್ಲಿ ಮೂವರು ಗಂಡಸರು ನಾನು ಹೇಳಿದ ದಪ್ಪಕ್ಕೆ ಈರುಳ್ಳಿ ಹೆಚ್ಚುತ್ತಾರೆ. ಒಬ್ಬನೂ ‘ಇನ್ನಷ್ಟು ದಪ್ಪ ಇದ್ದರೆ ನಿಮ್ಮ ಮಾನ ಉಳಿದೀತು’ ಎಂದಿಲ್ಲ. ನೀನೊಬ್ಬ ನನ್ನನ್ನು ಇನ್ನೂ ಜಾತ್ರೆಯಲ್ಲಿ ಕೈ ಬಿಟ್ಟರೆ ಕಳೆದುಹೋಗುವವಳು ಎಂದುಕೊಂಡಿದ್ದೀಯ.

ನಾನು ಬೇರೆ ಕಡೆ ನೋಡಿಲ್ಲ. ನೋಡುವುದೂ ಇಲ್ಲ. ಈ ಪತ್ರ ಮುಟ್ಟಿದ ದಿನವೇ ಬಿತ್ತು. ಜಿಎ ಡಬ್ಬಿ ಇಡುವ ಕೋಣೆಯ ಕೀಲಿಯನ್ನು ವೈನಿಯ ಕೈಗೆ ಕೊಡು. ನಿಂಬೆಹಣ್ಣಿನ ಗಾತ್ರಕ್ಕೆ ಕೀಳು. ಕಿತ್ತ ಮೇಲೆ ಒಂದನ್ನು ನೀನು ಕಚ್ಚಿ ನೋಡಬೇಕು, ಇದು ಮನೆಮಗಳ ಅಪ್ಪಣೆ. ಮತ್ತು ಬುಟ್ಟಿಯನ್ನು ಧೂಳಪ್ಪ ಕಾಕಾ ಕೈಯಲ್ಲಿ ಕಳಿಸಬೇಡ. ನೀನೇ ಹೊತ್ತುಕೊಂಡು ಬಾ. ಮೇಡಂ ಉಣ್ಣುವಾಗ ನೀನೂ ಅದೇ ಮೇಜಿನಲ್ಲಿ ಕೂತು ಉಣ್ಣಬೇಕು. ಮೊನ್ನೆ ಫೋನ್ ಮಾಡುವ ಮೊದಲೇ ಅವರನ್ನು ಕೇಳಿದ್ದೆ, ಒಪ್ಪಿದ್ದಾರೆ.

ಬೈದು ಮುಗಿಯಿತು. ಈಗ ಹಸಿವೆಯಾಗಿದೆ, ಉಣ್ಣಲು ಹೋಗುತ್ತೇನೆ. ನೀನೂ ಉಣ್ಣು.

ನಿನ್ನ ತಂಗಿ
ಉಜ್ವಲಾ


ಕಾಗವಾಡ
28 ಫೆಬ್ರವರಿ 2013

ಚಿ. ಉಜ್ವಲಾಗೆ ಆಶೀರ್ವಾದ.

ಪತ್ರ ಬಂದ ದಿನ ಮಧ್ಯಾಹ್ನವೇ ಬಿತ್ತಿದೆ. ಬರೆದು ತಿಳಿಸಲು ಧೈರ್ಯವಾಗಲಿಲ್ಲ, ಎಲ್ಲಿ ಬರೆದರೆ ಕೆಡುತ್ತದೋ ಎಂದು.

ಬಿಸಿಲಿಗೆ ಏನು ಮಾಡಲಿ ಎಂದು ಚಿಂತೆ ಹತ್ತಿತ್ತು. ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವ ಶೆಡ್ಡಿನ ಹಸಿರು ಜಾಳಿಗೆ ಬಿಚ್ಚಿ ತಂದು ನೆರಳಿಗೆಂದು ಮಡಿಯ ಮೇಲೆ ಕಟ್ಟಿದೆ. ದ್ರಾಕ್ಷಿ ಕಟಾವು ನಡೆದ ಹೊತ್ತು, ಶೆಡ್ಡಿಗೆ ಜಾಳಿಗೆ ಬೇಕು ಎಂದು ಆಳುಗಳು ಕೂಗಾಡಿದರು. ಬಾಪುಸಾಹೇಬ, “ಗಡ್ಡಿಗಿ ಮಂಟಪಾ ಹಾಕ್ಯಾನ, ಲಗ್ನಾ ಯಾವಾಗೋ?” ಎಂದ. “ಮುಂಬಯಿಯಾಗ ಐತಿ, ನಿನ್ನ ಕರದಿಲ್ಲ,” ಎಂದೆ.

ಗೋಟಿಯಾಗಿದ್ದಾಗ ಕೈ ಕಟ್ಟಿ ಕೂತೆ. ಅದೇನು ಸುಲಭದ ಕೆಲಸವಲ್ಲ. ಇಂದು ನಿಂಬೆಹಣ್ಣಿನ ಗಾತ್ರದ್ದು ಒಂದನ್ನು ಕಿತ್ತು, ಕಾಲುವೆಯಲ್ಲಿ ತೊಳೆದು, ನಿನ್ನ ಅಪ್ಪಣೆಯಂತೆ ಹಸಿಯಾಗಿಯೇ ಕಚ್ಚಿದೆ. ಕಟ್ ಎಂದಿತು. ಬಾಯಿ ತುಂಬ ನೀರು, ಆಮೇಲೆ ಸಿಹಿ, ಎಲ್ಲದರ ಹಿಂದೆ ಎಳ್ಳಷ್ಟು ಖಾರ. ನಿನ್ನ ವೈನಿಗೆ ಅರ್ಧ ಕೊಟ್ಟೆ. ಅವಳು ಇನ್ನೊಂದು ಕೇಳಿದಳು, ಕೊಡಲಿಲ್ಲ.

ಮಿರಜದಿಂದ ಏಳನೆಯ ತಾರೀಖಿನ ರೈಲು ಹತ್ತುತ್ತೇನೆ. ಅಲ್ಲಿ ಧೋತರ ನಡೆಯುತ್ತದೋ, ಪ್ಯಾಂಟೇ ಬೇಕೋ? ಚಪ್ಪಲಿ ಹೊರಗೆ ಬಿಡಬೇಕೋ? ಕೈಯಿಂದ ಉಂಡರೆ ನಡೆಯುತ್ತದೋ? ನಾನು ಸೀನಿದರೆ?

ನಿನ್ನ ಅಣ್ಣ
ಈಶ್ವರ


ಮಿರಜ ಸ್ಟೇಷನ್
9 ಮಾರ್ಚ್ 2013, ಮುಂಜಾನೆ

ಚಿ. ಉಜ್ವಲಾ,

ಕಾಗವಾಡದ ಬಸ್ಸಿಗೆ ಇನ್ನೂ ಹೊತ್ತಿದೆ. ಚಹಾದ ಅಂಗಡಿಯ ಬಾಕಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ನಾನು ಹೊರಡುವಾಗ ನೀನು ಸಂಜೆಯ ಅಡುಗೆಗೆ ನಿಂತಿದ್ದೆ, ಕಣ್ಣಲ್ಲೇ ಹೋಗಿ ಬಾ ಎಂದೆ. ಮೇಡಂ ತಮ್ಮ ತೀರ್ಮಾನವನ್ನು ತಾವೇ ನಿನಗೆ ಹೇಳುವುದಾಗಿ ಅಂದಿದ್ದರು, ಇಷ್ಟೊತ್ತಿಗೆ ಹೇಳಿರುತ್ತಾರೆ. ಆದರೆ ನೀನು ಒಳಗಿದ್ದೆ, ಮೇಜಿನ ಬಳಿ ಏನಾಯಿತು ಎಂಬುದು ನನಗೆ ಗೊತ್ತು. ಅದು ನಿನಗೆ ತಿಳಿಯಬೇಕು.

ಮೇಜಿನ ಮೇಲಿನ ಬಿಳಿ ಅರಿವೆ ಹೊಲಸಾದೀತೆಂದು ಕೈಗಳನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಒಂದೊಂದೇ ತಟ್ಟೆ ಬರುತ್ತಿತ್ತು, ಬಡಿಸುವವನು ಅದರ ಹೆಸರನ್ನು ಪೂಜಾರಿ ಮಂತ್ರ ಹೇಳಿದ ಹಾಗೆ ಹೇಳಿ ಹೋಗುತ್ತಿದ್ದ. ಮೇಡಂ ಮರಾಠಿಯಲ್ಲಿ ನನ್ನ ದ್ರಾಕ್ಷಿಯ ಬಗ್ಗೆ ಕೇಳುತ್ತಿದ್ದರು, ನಾನು ಹಾಂ ಹಾಂ ಎನ್ನುತ್ತಿದ್ದೆ. ಆಮೇಲೆ ಗಡ್ಡೆಯ ತಟ್ಟೆ ಬಂತು. ನನ್ನ ಹೊಲದ ಗಡ್ಡೆ ಹೀಗೆ ಹೊಳೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಕಿಟಕಿಯ ಬೆಳಕು ಅದರ ಮೈಮೇಲೆ ಕಾಣುತ್ತಿತ್ತು. ಸೊಪ್ಪನ್ನು ಕೂಡ ಬಿಟ್ಟಿರಲಿಲ್ಲ ನೀನು. ಅಂಚಿನಿಂದ ಒಂದಿಷ್ಟು ಬಾಯಿಗೆ ಹಾಕಿಕೊಂಡೆ. ಮೇಡಂ, ‘ಹೇಗಿದೆ, ಈಶ್ವರರಾವ್?’ ಎಂದರು. ಬಡಿಸುವವನೂ ನನ್ನ ಮುಖ ನೋಡಿದ.

ನನ್ನ ಬಾಯಿಂದ ಏನು ಬಂತು ನೋಡು. “ಉಪ್ಪ ಒಂಚೂರು ಕಡಿಮಿ ಐತ್ರಿ.” ಸಾಲದು ಎಂಬಂತೆ ಮರಾಠಿಯಲ್ಲೂ ಹೇಳಿದೆ.

ಯಾಕೆ ಹಾಗೆಂದೆ ಎಂದು ರೈಲಿನಲ್ಲಿ ಕೂತು ಯೋಚಿಸಿದೆ. ಬೇರೆಯವರು ಕೊರತೆ ಹುಡುಕುವ ಮೊದಲು ನಾನೇ ಒಂದನ್ನು ಹುಡುಕಿ ಮುಂದಿಟ್ಟರೆ ಪೆಟ್ಟು ಸಣ್ಣದಾದೀತು ಎಂಬ ಲೆಕ್ಕ ನನ್ನದು. ಆದರೆ ಮೇಡಂ ಚಮಚ ಕೆಳಗಿಟ್ಟರು. ಬಡಿಸುವವನು ಒಳಗೆ ಓಡಿದ. ಬಿತ್ತಿ, ಬೆಳೆದು, ಹೊತ್ತು ತಂದು, ಕೊನೆಗೆ ನಾನೇ ನಿನ್ನ ಕೊರಳು ಹಿಡಿದೆ ಎಂದುಕೊಂಡೆ.

ನೀನು ಹೊರಗೆ ಬಂದೆ. ಅವಸರವಿಲ್ಲದೆ ಬಂದೆ. ಜೇಬಿನಿಂದ ಚಮಚ ತೆಗೆದು ನನ್ನ ತಟ್ಟೆಯಿಂದಲೇ ರುಚಿ ನೋಡಿ, “ಉಪ್ಪ ಬರೋಬ್ಬರಿ ಐತಣ್ಣಾ. ನೀ ಮ್ಯಾಲಿಂದ ಮ್ಯಾಲ ತಿಂದಿ. ಬುಡಾತನಕಾ ಚಮಚಾ ಹಾಕ. ಸುಮ್ಮನ ಕೂತ ಉಣ್ಣ,” ಎಂದೆ. ಮೇಡಂ ಕಡೆ ತಿರುಗಿ, ನನಗೆ ಹೇಳಿದ್ದನ್ನೇ ಮರಾಠಿಯಲ್ಲಿ ಹೇಳಿ, ಈ ತಟ್ಟೆಯಲ್ಲಿ ಬದಲಿಸುವಂಥದ್ದು ಏನೂ ಇಲ್ಲ ಎಂದು ಸೇರಿಸಿ, ಅವರ ಉತ್ತರಕ್ಕೂ ಕಾಯದೆ ಒಳಗೆ ಹೋದೆ.

ಆಮೇಲಿನದು ನಿನಗೆ ಗೊತ್ತಿಲ್ಲ. ನಾನು ಬುಡದವರೆಗೆ ಚಮಚ ಹಾಕಿದೆ. ತಳದಲ್ಲಿ ಸವರಿದ ಮಿಸೊ ಗಡ್ಡೆಯ ಜೊತೆ ಮೇಲೆ ಬಂತು. ಉಪ್ಪು ಸರಿಯಾಗಿಯೇ ಇತ್ತು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆ ಇಲ್ಲ. ನನ್ನ ಮಾತು ತಪ್ಪಾಗಿ ನನಗೆ ಇಷ್ಟು ಖುಷಿ ಹುಟ್ಟಿದಾಗಿನಿಂದ ಆಗಿರಲಿಲ್ಲ. ತಲೆಯೆತ್ತಿ ನೋಡಿದರೆ ಮೇಡಂ ತಮ್ಮ ತಟ್ಟೆಯನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ತಿನ್ನುತ್ತಿದ್ದರು, ನಾವು ರೊಟ್ಟಿಯಿಂದ ಒರೆಸುವ ಹಾಗೆಯೇ. ನನ್ನ ಕಡೆ ನೋಡಿ, ‘ಹೊರದೇಶದ ಶೆಫ್‌ಗೆ ಬರುವುದು ಬೇಡ ಎಂದು ಇವತ್ತೇ ತಿಳಿಸುತ್ತೇನೆ. ಹಿರಿಯಣ್ಣನಿಗೆ ಹೀಗೆ ಹೇಳುವವಳು ನಾಳೆ ನನಗೂ ಹೇಳುತ್ತಾಳೆ. ನನಗೆ ಅಂಥವಳೇ ಬೇಕು’ ಎಂದರು. ನಾನು ಹಾಂ ಎನ್ನಲಿಲ್ಲ. “ಆಕಿ ಕೆಲಸ ಆಕಿಗಿ ಗೊತ್ತೈತ್ರಿ,” ಎಂದೆ.

ಬಸ್ಸು ಬಂತು. ಬಾಪುಸಾಹೇಬ ನಮ್ಮ ಊರಿನ ಸ್ಟ್ಯಾಂಡಿನಲ್ಲೇ ಕೂತಿರುತ್ತಾನೆ, ಇಳಿದ ಕೂಡಲೇ “ಮುಂಬಯಿಯಾಗ ಏನ ಮಾಡಿ ಬಂದ್ಯೋ?” ಎಂದು ಕೇಳುತ್ತಾನೆ. ಹೇಳುವ ಮಾತನ್ನು ಈಗಲೇ ಸಜ್ಜು ಮಾಡಿಕೊಂಡಿದ್ದೇನೆ: “ತಂಗಿ ಸುಮ್ಮನ ಕೂತ ಉಣ್ಣ ಅಂದ್ಲು, ಉಂಡ ಬಂದೆ.”

ನಿನ್ನ ಅಣ್ಣ
ಈಶ್ವರ